ಹಳದಿ ಮಫ್ಲರಿನವನು

ಜನವರಿ 8, ಬುಧವಾರ

ಅಳತೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರಮ್ಮನ ಅಪ್ಪಣೆ. "ದಿನಾ ಏನು ತಿಂದ್ರಿ, ಎಷ್ಟು ಮೈ ಬಗ್ಗಿಸಿದ್ರಿ, ಬರೆದಿಡಿ ಮಾಸ್ಟ್ರೇ" ಎಂದಿದ್ದಾರೆ. ಮೂವತ್ತು ವರ್ಷ ಊರವರ ಎದೆ, ಸೊಂಟ, ತೋಳು ಬರೆದಿಟ್ಟ ಪುಸ್ತಕಕ್ಕೆ ಇವತ್ತು ದರ್ಜಿಯೂ ಸೇರಿದ.

ನನ್ನ ಸಕ್ಕರೆ ಅಂಚಿಗೆ ಬಂದು ನಿಂತಿದೆಯಂತೆ. ಡಾಕ್ಟರಮ್ಮ ತಮ್ಮ ಟೇಪು ತೆಗೆದು ನನ್ನ ಹೊಟ್ಟೆಗೆ ಸುತ್ತಿ "ನಲವತ್ತು" ಎಂದರು. ಮೂವತ್ತೆಂಟು ಎಂದೆ. ಅವರು ಟೇಪನ್ನೇ ಮುಖದ ಮುಂದೆ ಹಿಡಿದರು. ನಿಮ್ಮ ಟೇಪು ಕುಗ್ಗಿದೆ ಎಂದು ಹೇಳಬೇಕಾಯಿತು. ತೂಕದ ಯಂತ್ರ ಹತ್ತುವಾಗ "ಕತ್ತಲ್ಲಿರೋ ನಿಮ್ಮ ಟೇಪನ್ನಾದ್ರೂ ತೆಗೀರಿ" ಎಂದು ನಕ್ಕರು. ಆ ಹಳದಿ ಟೇಪು ಕತ್ತಿನಲ್ಲಿರುವುದು ನನಗೆ ನೆನಪೇ ಇರುವುದಿಲ್ಲ.

ಇವಳೂ, ನನ್ನ ಹೆಂಡತಿ, ಜೊತೆಗಿದ್ದಳು. ಇವಳದು ಬಿಪಿ. "ಇಬ್ರಿಗೂ ಮೂರು ತಿಂಗಳು ಕೊಡ್ತೀನಿ. ನಿಮಗೆ ಖುಷಿ ಕೊಡೋ ವ್ಯಾಯಾಮ ಒಂದು ಆರಿಸ್ಕೊಳ್ಳಿ. ಖುಷಿ ಇಲ್ದಿದ್ರೆ ಮೂರು ದಿನಾನೂ ನಡೆಯಲ್ಲ. ಆಮೇಲೆ ಮಾತ್ರೆಗೆ ಹೋಗೋಣ" ಎಂದರು ಡಾಕ್ಟರಮ್ಮ.

"ನಾನು ಷಟಲ್ ಆಡ್ತೀನಿ" ಎಂದಳು ಇವಳು, ಮಾತು ಮುಗಿಯುವ ಮೊದಲೇ. ಐವತ್ತೊಂದು ವರ್ಷ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಓಡಿದ್ದನ್ನು ನಾನು ಕಂಡೇ ಇಲ್ಲ.

ಜನವರಿ 10, ಶುಕ್ರವಾರ

ಇವಳು ಬ್ಯಾಟು ತಂದಿದ್ದಾಳೆ. ಒಂದಲ್ಲ, ಎರಡು. ಒಂದು ಮುರಿದರೆ ಇರಲಿ ಎಂದಿರಬೇಕು. ಎರಡನೆಯದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, "ರೀ, ಬರ್ತೀರಾ?" ಎಂದಳು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದೆ. ಒಬ್ಬಳೇ ಹೋದಳು.

ಜನವರಿ 14, ಮಂಗಳವಾರ

ಜಿಮ್ಮಿಗೆ ಹೋದೆ. ನಾಲ್ಕು ಕಡೆ ಕನ್ನಡಿ. ಒಂದು ಹೊಟ್ಟೆಯನ್ನು ಹೊತ್ತು ಹೋದವನಿಗೆ ಹದಿನಾರು ಹೊಟ್ಟೆ ಕಂಡವು. ಕಲಿಸುವವನು "ಅಂಕಲ್, ಮೆಲ್ಲಗೆ" ಎಂದ. ಮೆಲ್ಲಗೆ ಮನೆಗೆ ಬಂದೆ.

ಜನವರಿ 17, ಶುಕ್ರವಾರ

ಹಗ್ಗದಾಟ ಶುರು ಮಾಡಿದೆ. ಹನ್ನೊಂದು ಸಲ ಹಾರುವಷ್ಟರಲ್ಲಿ ಕೆಳಮನೆಯವರು ಮೇಲೆ ಬಂದು ಬೀರು ಬಿತ್ತೇ ಎಂದು ವಿಚಾರಿಸಿದರು. ಯೋಗದ ತರಗತಿಗೂ ಒಂದು ದಿನ ಹೋಗಿದ್ದೆ. ಕಣ್ಣು ಮುಚ್ಚಿ ಮಲಗುವ ಆಸನ ಒಂದು ಚೆನ್ನಾಗಿ ಬಂತು. ಗೊರಕೆ ಹೊಡೆದೆನೆಂದು ಪಕ್ಕದವರು ಎಬ್ಬಿಸಿದರು. ಎಲ್ಲ ಬಿಟ್ಟಿದ್ದೇನೆ. ಮಾತ್ರೆ ತಿಂದರಾಯಿತು.

ಜನವರಿ 24, ಶುಕ್ರವಾರ

ಇವಳು ಸಂಜೆ ಬಂದವಳೇ, ಬೆವರೂ ಒರೆಸಿಕೊಳ್ಳದೆ, "ಇವತ್ತು ನನ್ನ ಜೋಡಿ ಏನ್ ಹೊಡೆದ್ರು ಅಂತೀರಿ! ಆ ಕಡೆಯವ್ರು ಕಾಕ್ ಎಲ್ಲಿ ಬಿತ್ತು ಅಂತ ಹುಡುಕ್ತಾನೇ ಇದ್ರು" ಎಂದಳು.

"ಯಾರು?"

"ನನ್ನ ಜೋಡಿ. ಬಸ್ ಡ್ರೈವರ್ ಆಗಿದ್ರಂತೆ, ರಿಟೈರಾಗಿದಾರೆ. ಅರವತ್ತು ಅಂದ್ರೆ ನಂಬೋಕಾಗಲ್ಲ."

ಜೋಡಿಯಂತೆ. ಇಬ್ಬಿಬ್ಬರು ಸೇರಿ ಆಡುವ ಆಟದಲ್ಲಿ ಹಾಗೆ ಕರೆಯುತ್ತಾರೆ, ಇರಲಿ. ಆದರೆ ಮದುವೆಯ ದಿನ ಬಂದವರೆಲ್ಲ "ಒಳ್ಳೇ ಜೋಡಿ" ಎಂದದ್ದು ಯಾರನ್ನು ನೋಡಿ? ನನಗೆ ಅನ್ನ ಸೇರಲಿಲ್ಲ. ಇವಳು ಗಮನಿಸಲೂ ಇಲ್ಲ, ಎರಡು ಸಲ ಬಡಿಸಿಕೊಂಡು ಉಂಡಳು.

ಜನವರಿ 27, ಸೋಮವಾರ

ಇವತ್ತು ಹೋಗಿ ನೋಡಿಬಂದೆ. ಅಂಗಡಿಯನ್ನು ಕಾಜಾ ಅಕ್ಕನಿಗೆ ಒಪ್ಪಿಸಿದೆ. ಗುಂಡಿಯ ತೂತಿಗೆ ಕಾಜಾ ತೆಗೆಯುವುದು, ಗುಂಡಿ ಹಾಕುವುದು ಹದಿನೆಂಟು ವರ್ಷದಿಂದ ಆಕೆಯದೇ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು. "ಎಲ್ಲಿಗೆ ಮಾಸ್ಟ್ರೇ?" ಎಂದರು. ದಾರದ ಅಂಗಡಿಗೆ ಎಂದೆ.

ಸ್ಕೂಟರಿನಲ್ಲಿ ಹೋಗುವಂತಿಲ್ಲ. ಅದರ ಕೆಮ್ಮು ಇವಳಿಗೆ ಎರಡು ಬೀದಿಯಾಚೆಯಿಂದ ಗೊತ್ತಾಗುತ್ತದೆ. ನಡೆದೇ ಹೋದೆ. ನಡುವೆ ರೈಲು ಹಳಿ, ಅದರ ಮೇಲೆ ಕಾಲುಸೇತುವೆ, ಅರವತ್ತೆರಡು ಮೆಟ್ಟಿಲು. ಎರಡು ಕಡೆ ಕೂತು ಸುಧಾರಿಸಿಕೊಂಡೆ. ಆಟದ ಹಾಲ್‌ನ ಹಿಂದಿನ ಓಣಿಯಲ್ಲಿ ಒಂದು ಕಿಟಕಿ. ಮಸಿ ಹಿಡಿದ ಗಾಜು, ಮೂಲೆಯಲ್ಲಿ ಒಂದು ತುಂಡು ಒಡೆದಿದೆ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತರೆ ಕಾಣುತ್ತದೆ.

ಕಂಡಿತು. ನಾನೇ ಹೊಲಿದ ನೀಲಿ ಪ್ಯಾಂಟಿನಲ್ಲಿ ಇವಳು ಓಡುತ್ತಿದ್ದಳು, ಜಡೆಯನ್ನು ಮೇಲಕ್ಕೆ ಕಟ್ಟಿದ್ದಳು. ಕಾಕ್ ಬಲೆಗೆ ಬಿದ್ದರೂ ನಗು, ಆಚೆ ಬಿದ್ದರೂ ನಗು. ಪಕ್ಕದಲ್ಲಿ ಅವನು. ಭುಜ ಹದಿನೆಂಟೂವರೆ, ಸೊಂಟ ಮೂವತ್ತಾರು. ಅಳೆಯಬೇಕಾಗಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ತಲೆತುಂಬ ಕೂದಲು.

ನನಗೆ ಹೊಟ್ಟೆಕಿಚ್ಚು. ಬರೆದುಬಿಟ್ಟೆ. ಹೇಗೂ ಇದನ್ನು ಓದುವವರು ಯಾರೂ ಇಲ್ಲ.

ಫೆಬ್ರವರಿ 6, ಗುರುವಾರ

ಹೋಗಿದ್ದೆ. ಆಟದಲ್ಲಿ ಏಳು ಸಲ ನಕ್ಕಳು. ಮನೆಯಲ್ಲಿ ಒಂದು ಸಲ, ಅದೂ ಫೋನಿನಲ್ಲಿ ತಂಗಿಯ ಜೊತೆ.

ಫೆಬ್ರವರಿ 12, ಬುಧವಾರ

ದಿನಾ ದಾರದ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬರುತ್ತೇನೆಂದು ಕಾಜಾ ಅಕ್ಕನಿಗೆ ಅನುಮಾನ. ಇವತ್ತು ಗುಂಡಿಯ ಅಂಗಡಿ ಎಂದೆ.

ಅವನ ಆಟ ಹೊರಗೆ ಥಳಕು, ಒಳಗೆ ಹುಳುಕು. ಇವಳು ಮುಂದೆ ನುಗ್ಗಿದಾಗ ಎಡಗಡೆ ಹಿಂದಿನ ಮೂಲೆ ಖಾಲಿ ಬೀಳುತ್ತದೆ. ಜೋಡಿ ಎನ್ನಿಸಿಕೊಂಡವನು ಅಲ್ಲಿಗೆ ಹೋಗಬೇಡವೇ? ಅವನು ನಡುವೆ ಕಂಬದಂತೆ ನಿಂತು ಬಿರುಸಾಗಿ ಹೊಡೆಯುವುದಕ್ಕೇ ಕಾಯುತ್ತಾನೆ. ಆ ಮೂಲೆಗೆ ಕಾಕ್ ಬಂದಾಗಲೆಲ್ಲ ನಾನೇ ಕಲ್ಲಿನ ಮೇಲೆ ಎಡಕ್ಕೆ ಹಾರುತ್ತೇನೆ. ಇವತ್ತು ಹಾರಿದ ರಭಸಕ್ಕೆ ಕಲ್ಲಿನಿಂದ ಕೆಳಗೆ ಬಿದ್ದೆ.

ಫೆಬ್ರವರಿ 20, ಗುರುವಾರ

"ನಿಮ್ಮ ಪ್ಯಾಂಟು ಜಾರ್ತಿದೆ ನೋಡ್ಕೊಳ್ಳಿ" ಎಂದಳು ಇವಳು. ಈಗಿನ ಬಟ್ಟೆಗಳೇ ಹಾಗೆ, ನಾಲ್ಕು ಒಗೆತಕ್ಕೆ ಹಿಗ್ಗುತ್ತವೆ. ಬೆಲ್ಟಿಗೆ ಒಂದು ತೂತು ಜಾಸ್ತಿ ಹೊಡೆದೆ. ಅವಳು ಏನೋ ಹೇಳಲು ಹೊರಟು ಸುಮ್ಮನಾದಳು. ಅವನ ಸುದ್ದಿಯೇ ಇರಬೇಕು.

ಮಾರ್ಚ್ 5, ಬುಧವಾರ

ಡಾಕ್ಟರಮ್ಮ ನಡುವೆ ಒಂದು ಸಲ ರಕ್ತ ನೋಡುತ್ತೇನೆ ಎಂದಿದ್ದರು. ಕಾಗದ ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಇಳಿದಿದೆಯಲ್ರೀ! ಯಾವ ವ್ಯಾಯಾಮ ಆರಿಸ್ಕೊಂಡ್ರಿ?"

"ಯಾವುದೂ ಇಲ್ಲ."

"ಹಾಗಾದ್ರೆ ಏನು ಮಾಡ್ತಿದ್ದೀರಿ?"

ಏನೂ ಇಲ್ಲ ಎಂದೆ. ಅದು ನಿಜವೂ ಹೌದು. ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಹೊಲಿಗೆ, ಆಮೇಲೆ ಒಂದಿಷ್ಟು ನಡೆಯುವುದು, ನಿಲ್ಲುವುದು, ಉರಿಯುವುದು. "ಏನು ಮಾಡ್ತಿಲ್ವೋ ಅದನ್ನೇ ಮುಂದುವರಿಸಿ" ಎಂದರು. ರಕ್ತದ ಸೀಸೆ ಅದಲುಬದಲಾಗಿದೆ ಎಂದು ನನಗೆ ಖಾತ್ರಿ. ನನ್ನ ಸಕ್ಕರೆ ಯಾವ ಪಾಪದವನ ತಲೆಗೆ ಹೋಯಿತೋ.

ಅಲ್ಲಿಂದ ನೇರ ಸೇತುವೆಗೆ ಹೋದೆ. ಆಟ ಶುರುವಾಗುವುದರೊಳಗೆ ಮುಟ್ಟಬೇಕಿತ್ತು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.

ಮಾರ್ಚ್ 26, ಬುಧವಾರ

ಇವತ್ತು ಅವನು ನನ್ನ ಅಂಗಡಿಗೇ ಬಂದ!

"ನಿಮ್ಮ ಮನೆಯವ್ರು ಹೇಳಿದ್ರು, ಊರಲ್ಲಿ ನಿಮ್ಮಂಥ ಕೈ ಇನ್ನೊಂದಿಲ್ಲ ಅಂತ. ಮುಂದಿನ ತಿಂಗಳು ಇಪ್ಪತ್ತಕ್ಕೆ ನಮ್ಮ ಹಾಲ್‌ನಲ್ಲಿ ಜೋಡಿ ಪಂದ್ಯ. ಬಿಳಿ ಪ್ಯಾಂಟು ಬೇಕು" ಎಂದ. ದನಿಯೂ ಚೆನ್ನಾಗಿದೆ, ಹಾಳಾದ್ದು. ಮುಂದೆ ಕಾಜಾ ಅಕ್ಕ ಕೂತಿದ್ದರು, ಬಂದ ಗಿರಾಕಿಯನ್ನು ಓಡಿಸುವಂತಿಲ್ಲ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಅಳತೆಗೆ ಬಗ್ಗಿದೆ. ಸೊಂಟ ಮೂವತ್ತಾರು. ನನ್ನ ಕಣ್ಣು ಒಂದೆಳೆಯೂ ತಪ್ಪಿರಲಿಲ್ಲ.

ಕಾಲಿನ ಉದ್ದ ಹಿಡಿಯುವಾಗ ಅವನು ಮೇಲಿನಿಂದ ಹೇಳಿದ: "ನಮ್ಮ ಹಾಲ್ ಹಿಂದೆ ಒಂದು ವಿಚಿತ್ರ ಮಾಸ್ಟ್ರೇ. ದಿನಾ ಸಂಜೆ ಕಿಟಕಿ ಹತ್ರ ಯಾರೋ ಬಂದು ನಿಂತ್ಕೋತಾನೆ. ಮುಖ ಕಾಣಲ್ಲ, ಗಾಜಲ್ಲಿ ಆಕಾರ ಅಷ್ಟೇ. ತೆಳ್ಳಗಿನ ಮನುಷ್ಯ. ಕತ್ತಿಗೆ ಹಳದಿ ಮಫ್ಲರು."

ನನ್ನ ಬಾಯಲ್ಲಿ ಸೂಜಿ. ಹೂಂ ಎನ್ನುವುದೂ ಕಷ್ಟ.

"ಹೋಗಿ ವಿಚಾರಿಸ್ಲಾ ಅಂದೆ. ನಿಮ್ಮ ಮನೆಯವ್ರು ಬೇಡ ಬಿಡಿ ಅಂದ್ರು. 'ಆ ಕಿಟಕಿಯವ್ರು ಬಂದ ದಿನ ನನಗೆ ಆಟ ಚೆನ್ನಾಗಿ ಬರತ್ತೆ' ಅಂದ್ರು. ಏನು ನಗು ಅಂತೀರಿ!"

ಅವನು ಹೋದ ಮೇಲೂ ಬಹಳ ಹೊತ್ತು ಸೂಜಿ ತೆಗೆಯುವುದು ಮರೆತಿದ್ದೆ. ನನ್ನ ಎದುರಾಳಿ ಒಬ್ಬನಲ್ಲ, ಇಬ್ಬರು. ಡ್ರೈವರ್ ಹೋಗಲಿ, ಅವನು ಆಟದ ಜೋಡಿ. ಈ ತೆಳ್ಳಗಿನವನು ಯಾರು? ಇವಳ ಆಟ ಚೆನ್ನಾಗಿ ಬರುವುದು ಅವನಿಗಾಗಿಯಂತೆ! ನನ್ನ ಕಿಟಕಿಯಲ್ಲೇ ನಿಲ್ಲುತ್ತಾನಂತೆ, ನಾನು ಒಂದು ದಿನವೂ ಕಂಡಿಲ್ಲವಲ್ಲ!

ಮಾರ್ಚ್ 28, ಶುಕ್ರವಾರ

ಅರ್ಧ ಗಂಟೆ ಮೊದಲೇ ಹೋದೆ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಕಟ್ಟಡಕ್ಕೆ ಮೂರು ಸುತ್ತು ಹಾಕಿದೆ.

ಏಪ್ರಿಲ್ 2, ಬುಧವಾರ

ಒಂಬತ್ತು ಸುತ್ತು. ಒಮ್ಮೆ ಓಡಿ ಮುಂಬಾಗಿಲಿಂದ, ಥಟ್ಟನೆ ತಿರುಗಿ ಓಣಿಯಿಂದ. ನಾನು ಆ ಕಡೆ ಹೋದರೆ ಈ ಕಡೆ ಬರುತ್ತಾನೆ, ಈ ಕಡೆ ಬಂದರೆ ಆ ಕಡೆ ಹೋಗುತ್ತಾನೆ. ಕಾಲಲ್ಲಿ ಕಸುವಿರುವ ಆಸಾಮಿ. ಇಷ್ಟು ಸೆಕೆಯಲ್ಲೂ ಮಫ್ಲರು ಸುತ್ತಿಕೊಳ್ಳುತ್ತಾನೆಂದರೆ ಶೋಕಿಯವನೇ ಇರಬೇಕು. ಇವಳಿಗೆ ಅಂಥವರು ಇಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ.

ಏಪ್ರಿಲ್ 9, ಬುಧವಾರ

ತಡೆಯಲಾರದೆ ಕಾಜಾ ಅಕ್ಕನ ಮುಂದೆ ಎಲ್ಲ ಕಕ್ಕಿದೆ. ಕಿಟಕಿ, ಡ್ರೈವರ್, ತೆಳ್ಳಗಿನವನು, ಮಫ್ಲರು. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕತ್ತಿನ ಹತ್ತಿರ ಬಂದು ಕಣ್ಣು ನಿಂತಿತು. ಆಮೇಲೆ ಶುರುವಾಯಿತು ನೋಡಿ ನಗು, ಕೈಲಿದ್ದ ಸೂಜಿ ಬೆರಳಿಗೆ ಚುಚ್ಚಿಕೊಂಡರೂ ನಿಲ್ಲಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರನ್ನ ಕಂಡಿದ್ದೆ ಮಾಸ್ಟ್ರೇ. ಊರವ್ರ ಹೆಗಲೆಲ್ಲ ಮುಟ್ಟಿ ನೋಡೋ ಕಳ್ಳನ್ನ ಇವತ್ತೇ ಕಂಡಿದ್ದು!"

ಈ ಗಾದೆ ಇಲ್ಲಿ ಯಾಕೆ ಬಂತು ತಿಳಿಯಲಿಲ್ಲ. ವಯಸ್ಸಾಯಿತು ಆಕೆಗೂ. ಬೇಕಾದರೆ ಒಂದು ವಾರ ರಜ ತೆಗೆದುಕೊಳ್ಳಿ ಎಂದೆ. ಅದಕ್ಕೂ ನಕ್ಕರು.

ಏಪ್ರಿಲ್ 14, ಸೋಮವಾರ

ಇವತ್ತು ನನ್ನ ಕಣ್ಣೆದುರೇ ಡ್ರೈವರ್ ಬಿದ್ದ. ಕೆಳಗೆ ಬಿದ್ದಿದ್ದ ಕಾಕ್ ಮೇಲೆ ಕಾಲಿಟ್ಟು, ಪಾದ ಹೊರಳಿ, ಧೊಪ್ಪೆಂದು ಬಿದ್ದ. ಇವಳು "ಅಯ್ಯೋ" ಎಂದು ಓಡಿದಳು. ನಾನು ಕಿಟಕಿಯಲ್ಲಿ ಕಲ್ಲಾದೆ. ಎಷ್ಟು ಸಲ ಮನಸ್ಸಿನಲ್ಲಿ "ಕಾಲು ಮುರೀಲಿ" ಎಂದಿದ್ದೆನೋ, ನನ್ನ ಕಣ್ಣೇ ತಗುಲಿತು.

ಮೂಳೆ ಮುರಿದಿಲ್ಲವಂತೆ, ಉಳುಕು. ಒಂದು ತಿಂಗಳು ಕಾಲೂರುವಂತಿಲ್ಲ. ಪಂದ್ಯಕ್ಕೆ ಉಳಿದದ್ದು ಆರೇ ದಿನ. ಇವಳು ಮನೆಗೆ ಬಂದು ಬ್ಯಾಟನ್ನು ಗೋಡೆಗೆ ಒರಗಿಸಿ ಬೂಟನ್ನೂ ಬಿಚ್ಚದೆ ಕುಳಿತಳು. ಗೆದ್ದೆ ಅನ್ನಿಸಬೇಕಿತ್ತು. ನನಗೆ ಅಳು ಬಂದಂತಾಯಿತು.

ಏಪ್ರಿಲ್ 16, ಬುಧವಾರ

ಬಿಳಿ ಪ್ಯಾಂಟು ಮುಗಿದು ಎರಡು ದಿನವಾಯಿತು. ಒಯ್ಯುವವನಿಲ್ಲ. ಗಿರಾಕಿಯ ಬಟ್ಟೆಯನ್ನು ದರ್ಜಿ ತೊಡಬಾರದು. ಇದು ನನ್ನ ಗುರುಗಳು ಮೊದಲ ದಿನವೇ ಹೇಳಿದ ಮಾತು, ಇಷ್ಟು ವರ್ಷ ಮೀರಿಲ್ಲ. ಇವತ್ತು ಮಧ್ಯಾಹ್ನ ಮೀರಿದೆ. ತೊಡೆಯ ಹತ್ತಿರವೇ ಸಿಕ್ಕಿಕೊಳ್ಳುತ್ತದೆ, ಅವನಿಗೂ ನನಗೂ ಇರುವ ಅಂತರ ಎಷ್ಟೆಂದು ಒಮ್ಮೆ ನೋಡಿಬಿಡೋಣ ಎನ್ನಿಸಿತು.

ಸಿಕ್ಕಿಕೊಳ್ಳಲಿಲ್ಲ. ಸೊಂಟಕ್ಕೆ ಬಂತು. ಗುಂಡಿಯೂ ಕೂತಿತು. ಉದ್ದ ಮಾತ್ರ ನೆಲ ಗುಡಿಸುತ್ತಿತ್ತು.

ಮೂವತ್ತಾರರ ಪ್ಯಾಂಟು ನನಗೆ ಹಿಡಿಯಿತು ಎಂದರೆ ನಾನು ಕತ್ತರಿಸಿದ್ದೇ ತಪ್ಪು! ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೀಗೆ ಆಗಿರಲಿಲ್ಲ. ಹೊಟ್ಟೆಕಿಚ್ಚು ಕೊನೆಗೆ ಕತ್ತರಿಗೂ ಇಳಿಯಿತು ಎಂದುಕೊಂಡೆ. ಪ್ಯಾಂಟು ಬಿಚ್ಚಿ ಹಾಸಿ ಅಳೆದೆ. ಸರಿಯಾಗಿ ಮೂವತ್ತಾರು. ಹಾಗಾದರೆ ಟೇಪೇ ಹಿಗ್ಗಿದೆ. ಸ್ಟೀಲ್ ಪಟ್ಟಿಯ ಪಕ್ಕ ಟೇಪು ಹಾಸಿದೆ. ಒಂದು ಗೆರೆಯೂ ಅತ್ತಿತ್ತ ಇಲ್ಲ.

ಮತ್ತೆ ತೊಟ್ಟು, ಟೇಪನ್ನು ಕತ್ತಿಗೆ ಹಾಕಿಕೊಂಡು, ಟ್ರಯಲ್ ಕೋಣೆಯ ಕನ್ನಡಿಯ ಮುಂದೆ ಹೋಗಿ ನಿಂತೆ. ಅಲ್ಲಿದ್ದ ಅವನು. ತೆಳ್ಳಗಿನ ಮನುಷ್ಯ, ಕತ್ತಿಗೆ ಹಳದಿ ಮಫ್ಲರು.

ಹೊರಗೆ ಬಂದಾಗ ಕಾಜಾ ಅಕ್ಕ ತಲೆಯೆತ್ತಲಿಲ್ಲ. "ಸಿಕ್ಕಿದ್ನಾ ಮಾಸ್ಟ್ರೇ?" ಎಂದರು.

"ಸಿಕ್ಕಿದ."

"ಹೊಟ್ಟೆಕಿಚ್ಚಿಗೆ ಹೊಟ್ಟೆ ಕರಗತ್ತೆ ಅಂತ ಡಾಕ್ಟರಮ್ಮಂಗೆ ಹೇಳಿ ಬನ್ನಿ. ಪಾಪ, ಸುಮ್ನೆ ಮಾತ್ರೆ ಬರೀತಾರೆ."

ಏಪ್ರಿಲ್ 17, ಗುರುವಾರ

ನಿನ್ನೆ ಸಂಜೆ ಓಣಿಗೆ ಹೋಗಲಿಲ್ಲ. ಮನೆಯಲ್ಲಿ ಇವಳು ತರಕಾರಿ ಹೆಚ್ಚುತ್ತಿದ್ದಳು. ಈಳಿಗೆಯಿಂದ ಕಣ್ಣೆತ್ತದೆ ಹೇಳಿದಳು:

"ಜೋಡಿ ಇಲ್ದೆ ಹೆಸರು ವಾಪಸ್ ತಗೋಬೇಕಾಗತ್ತೆ. ಕಿಟಕಿ ಹತ್ರ ಒಬ್ರು ಬರ್ತಾರಲ್ಲ, ಅವ್ರನ್ನ ಕೇಳಿದ್ರೆ ಹೇಗೆ?"

"ಯಾವತ್ತು ಗೊತ್ತಾಯ್ತು?" ಎಂದೆ.

"ಎರಡನೇ ದಿನ. ಮೊದಲನೇ ದಿನ ಏದುಸಿರು ಕೇಳಿ ಓಣಿಗೆ ಎಮ್ಮೆ ನುಗ್ಗಿದೆ ಅಂದ್ಕೊಂಡ್ವಿ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವಾ? ಟೋಪಿ ಹಾಕ್ಕೊಂಡ್ರಿ, ಟೇಪು ತೆಗೀಲಿಲ್ಲ."

"ಡ್ರೈವರ್‌ಗೂ?"

"ಗೊತ್ತಿದ್ದೇ ಅವ್ರು ಅಂಗಡಿಗೆ ಬಂದಿದ್ದು. ನಿಮ್ಮ ಮುಖ ನೋಡ್ಬೇಕಿತ್ತಂತೆ."

ಸಿಟ್ಟು ಬಂತು. ಮೂರು ತಿಂಗಳು ನನ್ನನ್ನು ಮಂಗ ಮಾಡಿದಿರಿ ಎಂದೆ. ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೂಗಿಯೇ ಕೇಳಿದೆ.

"ಹೇಳಿದ್ರೆ ಬರೋದು ನಿಲ್ಲಿಸ್ತಿದ್ರಿ. ಖುಷಿ ಕೊಡೋ ವ್ಯಾಯಾಮ ಆರಿಸ್ಕೊಳ್ಳಿ ಅಂತ ಡಾಕ್ಟರಮ್ಮ ಹೇಳಿದ್ರಲ್ಲ."

"ಅದ್ರಲ್ಲಿ ಏನೇ ಖುಷಿ ಇತ್ತು? ಉರಿದುಹೋಗಿದ್ದೀನಿ!"

ಅವಳು ಈಳಿಗೆ ಪಕ್ಕಕ್ಕಿಟ್ಟಳು. "ನಿಮಗಿತ್ತೋ ಇಲ್ವೋ. ನನಗಿತ್ತು. ತಲೆ ಬಗ್ಗಿಸ್ಕೊಂಡು ಹೊಲಿಯೋದು ಬಿಟ್ಟು, ಇಷ್ಟು ವರ್ಷದಲ್ಲಿ ನೀವು ನನ್ನ ಒಂದು ಗಂಟೆ ಹೊತ್ತು ನೋಡಿದ್ದು ಯಾವತ್ತು, ಹೇಳಿ."

ಎದ್ದು ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಆ ಎರಡನೇ ಬ್ಯಾಟನ್ನು ತೆಗೆದೆ. ಚೀಲದ ಮೇಲೆ ಮೂರು ತಿಂಗಳ ಧೂಳಿರಬೇಕಿತ್ತು. ಒರೆಸಿಟ್ಟಿದ್ದಳು.

ಏಪ್ರಿಲ್ 20, ಭಾನುವಾರ

ಬಿಳಿ ಪ್ಯಾಂಟನ್ನು ನೀವೇ ಹಾಕಿಕೊಳ್ಳಿ ಎಂದು ಡ್ರೈವರ್ ಹೇಳಿಕಳಿಸಿದ್ದರು. ಉದ್ದವನ್ನು ಎರಡೂವರೆ ಇಂಚು ಮಡಿಚಿ ಹೊಲಿದೆ. ಅವರೂ ಊರುಗೋಲು ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಇವಳು ಹೋಗಿ ಅವರ ಕಾಲು ವಿಚಾರಿಸಿದಳು. ಎರಡು ನಿಮಿಷ ಮಾತಾಡಿದಳು, ಮೂರೇ ಇರಬೇಕು. ನಾನು ಬ್ಯಾಟಿನ ತಂತಿ ಎಣಿಸುತ್ತಿದ್ದೆ.

ಸೋತೆವು. ಮೊದಲ ಸುತ್ತಿನಲ್ಲೇ. ಆಟ ನೋಡುವುದು ಬೇರೆ, ಆಡುವುದು ಬೇರೆ. ಮೊದಲ ಐದು ಕಾಕ್ ನನ್ನ ಬ್ಯಾಟಿಗೆ ತಾಗಲೇ ಇಲ್ಲ, ಆರನೆಯದು ಹಣೆಗೆ ತಾಗಿತು. ಆದರೆ ಇವಳು ಮುಂದೆ ನುಗ್ಗಿದಾಗಲೆಲ್ಲ ನಾನು ಎಡಗಡೆ ಹಿಂದಿನ ಮೂಲೆಗೆ ಓಡಿದೆ, ಯಾರೂ ಹೇಳಬೇಕಾಗಲಿಲ್ಲ. ಅಲ್ಲಿಗೆ ಬಂದ ಕಾಕ್‌ಗಳಲ್ಲಿ ನಾಲ್ಕನ್ನು ಎತ್ತಿ ಆಚೆ ಹಾಕಿದೆ. ನಾಲ್ಕನೆಯದಕ್ಕೆ ಡ್ರೈವರ್ ಊರುಗೋಲು ನೆಲಕ್ಕೆ ಕುಟ್ಟಿ "ಭಲೇ ಮಾಸ್ಟ್ರೇ!" ಎಂದು ಕೂಗಿದರು. ಇವಳು ಎಷ್ಟು ಸಲ ನಕ್ಕಳೋ ಎಣಿಸಲು ಪುರುಸೊತ್ತೇ ಇರಲಿಲ್ಲ.

ಮುಗಿದ ಮೇಲೆ ಹಿಂದಿನ ಗೋಡೆಗೆ, ಒಡೆದ ಗಾಜಿನ ಆ ಕಿಟಕಿಯ ಕೆಳಗೆ, ಒರಗಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದೆ. ನೀರಿನ ಲೋಟಗಳ ತಟ್ಟೆ ಹಿಡಿದು ಬಂದ ಹೆಂಗಸು ಇವಳ ಕೈಗೆ ಒಂದು ಲೋಟ ಕೊಟ್ಟು, "ನಿಮ್ಮ ಜೋಡಿಗೂ ಒಂದು ಕೊಡ್ಬೇಕಲ್ಲ, ಎಲ್ಲಿ ಅವ್ರು?" ಎಂದು ಕೇಳಿದಳು.

"ಅಗೋ, ಕಿಟಕಿ ಹತ್ರ ಇದಾರಲ್ಲ" ಎಂದಳು ಇವಳು.

ಯಾವನವನು ಎಂದು ತಟ್ಟನೆ ಹಿಂದಕ್ಕೆ ತಿರುಗಿ ಕಿಟಕಿಯನ್ನು ನೋಡಿದೆ. ಗಾಜಿನಾಚೆ ಯಾರೂ ಇರಲಿಲ್ಲ.